ಕೀಲು ನೋಡಿ ಕೊಳ್ಳಿ

ತೀರ್ಥಹಳ್ಳಿಗೆ ಆ ಹೆಸರು ಬಂದದ್ದೇ ಅಲಗಿನ ಮೇಲಿನ ಒಂದು ಕಲೆಯಿಂದ ಎನ್ನುತ್ತದೆ ಸ್ಥಳಪುರಾಣ. ಪರಶುರಾಮನ ಕೊಡಲಿಗೆ ಅಂಟಿದ ನೆತ್ತರು ಎಲ್ಲಿ ತೊಳೆದರೂ ಪೂರ್ತಿ ಹೋಗಲಿಲ್ಲವಂತೆ. ಎಳ್ಳುಕಾಳಿನಷ್ಟು ಉಳಿದೇ ಇತ್ತಂತೆ. ಅದು ಹೋದದ್ದು ಇಲ್ಲಿ, ತುಂಗೆಯ ನೀರಿನಲ್ಲಿ. ಅದಕ್ಕೇ ಇದು ತೀರ್ಥ, ಅದಕ್ಕೇ ಎಳ್ಳಮಾವಾಸ್ಯೆ ಜಾತ್ರೆ. ನೆತ್ತರು ತಾಯಿ ರೇಣುಕೆಯದು ಎನ್ನುವವರಿದ್ದಾರೆ, ಕ್ಷತ್ರಿಯರದು ಎನ್ನುವವರೂ ಇದ್ದಾರೆ. ಆ ತಕರಾರಿಗೆ ನಾನು ಹೋಗುವುದಿಲ್ಲ. ನನಗೆ ಕಾಣುವುದು ಇಷ್ಟೇ: ಅಲಗಿಗೆ ಕಲೆ ಹಿಡಿದಿದೆ, ಬಿಡುತ್ತಿಲ್ಲ ಎಂದು ಈ ಸೀಮೆಯಲ್ಲಿ ಮೊದಲು ತಲೆ ಕೆಡಿಸಿಕೊಂಡವನು ಪರಶುರಾಮ. ಆಮೇಲೆ ಬಂದ ನಾವೆಲ್ಲ ಅದೇ ಕೆಲಸದಲ್ಲಿದ್ದೇವೆ.

ಜಾತ್ರೆಗೆ ನನ್ನ ಜೊತೆ ಬಂದಿದ್ದ ತಂಗಿಯ ಮಗ ಒಂದು ಅಂಗಡಿಯ ಮುಂದೆ ನಿಂತುಬಿಟ್ಟ. ಓದು ಮುಗಿಸಿ, ಬೆಂಗಳೂರಿನ ಬಾಡಿಗೆ ಮನೆ ಸಾಕೆನಿಸಿ, ಈಗ ತೋಟ ನೋಡಿಕೊಳ್ಳುತ್ತಿರುವ ಹುಡುಗ. ಟಾರ್ಪಾಲಿನ ಮೇಲೆ ಮಡಚುವ ಚಾಕುಗಳ ರಾಶಿ ಇತ್ತು. ಒಂದರ ಹಿಡಿಯ ಮೇಲೆ ತಲೆಬುರುಡೆ, ಇನ್ನೊಂದು ಕಾಮನಬಿಲ್ಲಿನ ಬಣ್ಣದ್ದು, ಮತ್ತೊಂದರಲ್ಲಿ ಕತ್ತರಿ, ಗರಗಸ, ಬಾಟಲಿ ತೆಗೆಯುವ ತಿರುಪು ಎಲ್ಲ ಸೇರಿ ಹನ್ನೊಂದು ಸಲಕರಣೆ. "ಮಾವ, ಐನೂರು ರೂಪಾಯಿ ಒಳಗೆ ಯಾವ್ದು ತಗಳ್ಲಿ?" ಎಂದು ಕೇಳಿದ. ನಿಂತಲ್ಲೇ ಉತ್ತರ ಹೇಳಲು ನನಗಾಗಲಿಲ್ಲ. ಈ ಅಂಕಣ ಅವನಿಗೆ ತಡವಾಗಿ ಕೊಟ್ಟ ಉತ್ತರ.

ಮಲೆನಾಡಿನವರಿಗೆ ಅಲಗು ಹೊಸದೇನಲ್ಲ. ಸೊಂಟದ ಹಗ್ಗಕ್ಕೆ ಕೊಕ್ಕೆ, ಕೊಕ್ಕೆಗೆ ಕತ್ತಿ ಸಿಕ್ಕಿಸದೆ ತೋಟಕ್ಕೆ ಇಳಿಯುವವರನ್ನು ಕಾಣುವುದೇ ಕಷ್ಟ. ಅಡಿಕೆ ಸುಲಿಯಲು ಮೆಟ್ಟುಗತ್ತಿ, ಅಡುಗೆ ಮನೆಯಲ್ಲಿ ಈಳಿಗೆ ಮಣೆ, ಬೇಲಿ ಬದಿಗೆ ಹೆಗ್ಗತ್ತಿ. ಇವೆಲ್ಲ ಒಂದೇ ತುಂಡು ಕಬ್ಬಿಣ. ಮಡಚುವ ಪ್ರಶ್ನೆಯೇ ಇಲ್ಲ. ಆದರೆ ನಮ್ಮ ಹಿರಿಯರು ದಿನವೂ ಜೊತೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ, ಮದುವೆಗೂ ಕೋರ್ಟಿಗೂ ಬಸ್ಸಿಗೂ ಬಿಡದೆ ಒಯ್ಯುತ್ತಿದ್ದ ಇನ್ನೊಂದು ಅಲಗಿತ್ತು. ಕವಳದ ಸಂಚಿಯೊಳಗಿನ ಅಡಕತ್ತರಿ. ಎರಡು ತೋಳು, ನಡುವೆ ಒಂದು ಕೀಲು, ಒಂದು ತೋಳಿಗೆ ಬಾಯಿ. ಮಡಚಿದರೆ ಅಂಗೈಯಗಲ. ಅದನ್ನು ಯಾರೂ ಆಯುಧ ಎಂದು ಕರೆಯಲಿಲ್ಲ, ಯಾರೂ ಅದರಿಂದ ಹೆದರಲೂ ಇಲ್ಲ. ಜೇಬಿಗೆ ಚಾಕು ಬೇಕೆನ್ನುವವನು ಮೊದಲು ನೆನೆಯಬೇಕಾದದ್ದು ಇದನ್ನು. ಸಿನಿಮಾದ ಖಳ ಟಕ್ಕೆಂದು ಬಿಚ್ಚುವ ಚಾಕುವನ್ನಲ್ಲ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಒಂದು ಜಾತ್ರೆಯಲ್ಲಿ ಅಜ್ಜ ಅಡಕತ್ತರಿ ಕೊಳ್ಳುವುದನ್ನು ನೋಡುತ್ತ ನಾನು ಅರ್ಧ ಗಂಟೆ ನಿಂತಿದ್ದೆ. ತೊಟ್ಟಿಲು ಹತ್ತುವ ಹೊತ್ತು ಮೀರುತ್ತಿತ್ತು. ಅಜ್ಜ ಬಾಯಿಯ ಹರಿತವನ್ನು ಮುಟ್ಟಿಯೂ ನೋಡಲಿಲ್ಲ. ತೋಳೆರಡನ್ನೂ ಅರ್ಧ ತೆರೆದು ಅಡ್ಡಡ್ಡ ಅಲ್ಲಾಡಿಸಿದರು. ಕಿವಿಯ ಹತ್ತಿರ ಹಿಡಿದು ಎರಡು ಸಲ ತೆರೆದು ಮುಚ್ಚಿದರು. ಬೆಳಕಿಗೆ ಎತ್ತಿ, ಬಾಯಿ ಬಂದು ಕೂರುವ ಜಾಗದಲ್ಲಿ ಸಂದು ಇದೆಯೇ ಎಂದು ನೋಡಿದರು. ಕೆಂಪಿಗೆ ಹೊಳೆಯುವ ಹಿತ್ತಾಳೆ ಹೂವಿನ ಅಡಕತ್ತರಿಯನ್ನು ನಾನು ತೋರಿಸಿದಾಗ ಹೇಳಿದ್ದು ಒಂದೇ ಮಾತು: "ಅಪ್ಪೀ, ಹೊಳಪು ನೋಡಡ. ಕೀಲು ನೋಡು."

ಕೀಲು ಸಡಿಲವಾದರೆ ಅಡಕತ್ತರಿ ಅಡಿಕೆಯನ್ನು ಹೋಳು ಮಾಡುವುದಿಲ್ಲ, ಜಗಿಯುತ್ತದೆ. ಬಾಯಿ ಮೊಂಡಾದರೆ ಮಸೆಯಬಹುದು. ಕೀಲು ಕೆಟ್ಟರೆ ಆಚಾರ್ರ ಕುಲುಮೆಗೇ ಹೋಗಬೇಕು. ಮಡಚುವ ಚಾಕುವಿನ ವಿದ್ಯೆಯೂ ಇಷ್ಟೇ. ಅದು ಇನ್ನೊಂದು ಅಡಕತ್ತರಿ. ಜಾತ್ರೆಯಲ್ಲಾಗಲಿ ಸಾಗರದ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಚಾಕು ಕೈಗೆ ಬಂದಾಗ ಅಜ್ಜ ಮಾಡಿದ್ದನ್ನೇ ಮಾಡಿ. ಪೂರ್ತಿ ತೆರೆದು, ಹಿಡಿಯನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದು, ಅಲಗಿನ ಬೆನ್ನಿನ ತುದಿಯನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೆ ಹೊಸ ಚಾಕು ಎಂದು ಕ್ಷಮಿಸಬಹುದು. ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ ವಾಪಸು ಇಡಿ. ಆಮೇಲೆ ಮಡಚಿ ಮೇಲಿನಿಂದ ನೋಡಿ: ಅಲಗು ಹಿಡಿಯ ನಟ್ಟನಡುವೆ ಕೂತಿದೆಯೇ, ಒಂದು ಬದಿಗೆ ಒರಗಿ ಉಜ್ಜುತ್ತಿದೆಯೇ? ಉಜ್ಜುವ ಚಾಕು ಪ್ರತಿ ಸಲ ಮಡಚುವಾಗಲೂ ತನ್ನ ಬಾಯಿಯನ್ನು ತಾನೇ ಮೊಂಡು ಮಾಡಿಕೊಳ್ಳುತ್ತದೆ. ಆ ಟಾರ್ಪಾಲಿನ ಮೇಲಿದ್ದ ಹನ್ನೊಂದು ಸಲಕರಣೆಯ ಚಾಕು ಈ ಎರಡು ಪರೀಕ್ಷೆಯಲ್ಲೇ ಬಿತ್ತು. ಹನ್ನೊಂದು ಸಲಕರಣೆಗೂ ಒಂದೇ ಸಡಿಲ ಮೊಳೆ; ಗರಗಸ ಎಳೆದರೆ ಕತ್ತರಿಯೂ ಜೊತೆಗೆ ಎದ್ದು ಬರುತ್ತಿತ್ತು.

ಕೀಲಿಗೆ ಮೊಳೆ ಬಡಿದಿದೆಯೋ ತಿರುಪು ಹಾಕಿದೆಯೋ ಎಂಬುದನ್ನೂ ನೋಡಬೇಕು. ತಿರುಪಾದರೆ ಸಡಿಲವಾದಾಗ ನೀವೇ ಬಿಗಿ ಮಾಡಬಹುದು. ನಕ್ಷತ್ರದಂಥ ಗುಳಿಯಿರುವ ತಿರುಪಿಗೆ ಬೇರೆಯೇ ಮೊನೆ ಬೇಕು. ಮೊಬೈಲ್ ರಿಪೇರಿ ಅಂಗಡಿಯವರಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೊಳೆಯಾದರೆ ಬೆನ್ನಿಗೆ ಕಬ್ಬಿಣ ಆನಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ಪೆಟ್ಟು. ಇದನ್ನು ಆಚಾರ್ರು ಅಡಕತ್ತರಿಗೆ ಮಾಡುತ್ತಲೇ ಬಂದಿದ್ದಾರೆ, ಚಾಕುವಿಗೂ ಮಾಡಿಕೊಡುತ್ತಾರೆ. ಒಂದು ಪೆಟ್ಟು ಹೆಚ್ಚಾದರೆ ಚಾಕು ತೆರೆಯುವುದೇ ಇಲ್ಲ, ಆದ್ದರಿಂದ ನೀವೇ ಕೈ ಹಾಕಬೇಡಿ.

ಇನ್ನು ಮಳೆ. ಪೇಟೆಯವರು ಬರೆಯುವ ಚಾಕು ಸಲಹೆಗಳಲ್ಲಿ ಇದು ಬರುವುದಿಲ್ಲ. ನಮಗೆ ಇದೇ ಮುಖ್ಯ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಅದನ್ನೂ ಹಿಂದೆ ಹಾಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಜೇಬು ಎಂದರೆ ಒದ್ದೆ ಬಟ್ಟೆಯ ಚೀಲ. ಅದರೊಳಗೆ ಚಾಕು, ಅದರ ಜೊತೆಗೆ ಬೆವರಿನ ಉಪ್ಪು. ಅಲಗಿನ ಮೇಲಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಒರೆಸುತ್ತೇವೆ. ಕೀಲಿನೊಳಗೆ ಇಳಿದ ನೀರು ಕಾಣುವುದಿಲ್ಲ. ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ ಚಾಕು ಕಿರ್ ಎನ್ನುತ್ತದೆ, ಮಘೆಗೆ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಹಿಡಿಯ ಬೆನ್ನು ತೆರೆದಿರುವ, ಈಚೆಯಿಂದ ನೋಡಿದರೆ ಆಚೆ ಕಾಣುವ ಚಾಕು ನಮ್ಮ ಸೀಮೆಗೆ ಒಳ್ಳೆಯದು. ನಲ್ಲಿಯ ಕೆಳಗೆ ಹಿಡಿದು ತೊಳೆದು, ಒಲೆದಂಡೆಯಲ್ಲಿ ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟರೆ ಆಯಿತು. ತೆಂಗಿನೆಣ್ಣೆ ಅಲಗಿಗೆ ಹಚ್ಚಬಹುದು. ಕೀಲಿಗೆ ಹಾಕಬೇಡಿ, ಕಾಲ ಕಳೆದಂತೆ ಅಂಟಾಗುತ್ತದೆ.

ತುಕ್ಕಿನ ಭಯಕ್ಕೆ ಸ್ಟೇನ್‌ಲೆಸ್ ಸ್ಟೀಲೇ ಮದ್ದು ಎನ್ನುವುದು ಬಹುಮಟ್ಟಿಗೆ ನಿಜ. ಉಕ್ಕಿನಲ್ಲಿ ಶೇಕಡಾ 10.5ರಷ್ಟಾದರೂ ಕ್ರೋಮಿಯಂ ಬೆರೆತರೆ ಗಾಳಿ ತಾಗಿದೊಡನೆ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ; ಆ ಪೊರೆ ತುಕ್ಕನ್ನು ತಡೆಯುತ್ತದೆ. ಆದರೆ ಅಲಗಿನ ಮೇಲೆ ಬರೀ 'ಸ್ಟೇನ್‌ಲೆಸ್' ಎಂದು ಬರೆದಿದ್ದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಊಟದ ಚಮಚವೂ ಸ್ಟೇನ್‌ಲೆಸ್ಸೇ. ಅಗ್ಗದಲ್ಲಿ ಹೆಚ್ಚಾಗಿ ಸಿಗುವುದು 420 ಎಂಬ ಉಕ್ಕು: ತುಕ್ಕು ಹಿಡಿಯುವುದು ಕಡಿಮೆ, ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮಸೆಯಲೂ ಬರುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು 8ಸಿಆರ್13 ಎಂದು ಶುರುವಾಗುವ ಚೀನೀ ಉಕ್ಕು. ಅದರಲ್ಲಿ ಇಂಗಾಲ ಶೇಕಡಾ 0.8ರ ಹತ್ತಿರ, ಕ್ರೋಮಿಯಂ 13ರ ಹತ್ತಿರ. ಸಾವಿರ ರೂಪಾಯಿ ಆಸುಪಾಸಿನ ಚಾಕುವಿನಲ್ಲಿ ಇದಿದ್ದರೆ ಬೇರೇನೂ ಹುಡುಕಬೇಡಿ. ಡಿ2 ಎಂಬುದನ್ನು ಅಂಗಡಿಯವರು ಹೊಗಳುತ್ತಾರೆ. ಹರಿತ ಬಹಳ ದಿನ ನಿಲ್ಲುವುದು ಹೌದು. ಆದರೆ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ನಮ್ಮ ಜುಲೈ ತಿಂಗಳಿಗೆ ಹೇಳಿದ್ದಲ್ಲ.

ಇಷ್ಟು ಹೇಳಿಯೂ ನನ್ನ ಜೀವ ಎಳೆಯುವುದು ಕಪ್ಪು ಕಬ್ಬಿಣದ ಕಡೆಗೇ. ನಮ್ಮ ಕತ್ತಿಗಳು ಹೆಚ್ಚಾಗಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಆದವು. ಅದರಲ್ಲಿ ಕ್ರೋಮಿಯಂ ಇದ್ದರೂ ನಾಮಕಾವಾಸ್ತೆಗೆ. ಅಂಥ ಅಲಗಿನಲ್ಲಿ ಹಸಿ ಅಡಿಕೆ ಕೊಯ್ದು ನೋಡಿ: ಸ್ವಲ್ಪ ಹೊತ್ತಿನಲ್ಲೇ ನೀಲಿಗಪ್ಪು ಬಣ್ಣ ಏರುತ್ತದೆ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಆಗುವ ಬಣ್ಣ ಅದು. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ಉಪಾಯದಿಂದ. ಅಂದರೆ ತೋಟದಲ್ಲಿ ಅಡಿಕೆ ಕೊಯ್ದವನ ಚಾಕು ತನಗೆ ತಾನೇ ಮಸಿ ಬಳಿದುಕೊಳ್ಳುತ್ತದೆ. ನೋಡಲು ಕೊಳಕು. ಆದರೆ ಈ ಕಪ್ಪು ಪೊರೆ ಕೂತ ಅಲಗಿಗೆ ಕೆಂಪು ತುಕ್ಕು ಸ್ವಲ್ಪ ತಡವಾಗಿ ಬರುತ್ತದೆ. ಪರಶುರಾಮ ತೊಳೆಯಲು ಹೊರಟಿದ್ದ ಕಲೆ ಬೇರೆ. ಈ ಕಲೆಯನ್ನು ತೊಳೆಯಬೇಡಿ.

ಕಬ್ಬಿಣದ ಅಲಗಿಗೆ ಇನ್ನೊಂದು ಕೆಲಸವಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಶೇಕಡಾ ಒಂದರ ಲೆಕ್ಕಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಸುಣ್ಣ ಹಳೆಯದಾಗಿ ಸತ್ವ ಹೋಗಿದ್ದರೆ ಈ ತೂಕ ಸಾಲದು. ದ್ರಾವಣ ಹುಳಿಯಾಗಿ ಎಲೆ, ಕಾಯಿ ಸುಡುತ್ತದೆ. ಗೊತ್ತಾಗುವುದು ಹೇಗೆ? ಉಜ್ಜಿ ಬೆಳಗಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಇನ್ನೂ ಸುಣ್ಣ ಬೇಕು. ಬಣ್ಣ ಬದಲಾಗದಿದ್ದರೆ ಹೊಡೆಯಬಹುದು. ಇದಕ್ಕೆ ಸ್ಟೇನ್‌ಲೆಸ್ ಅಲಗನ್ನು ನೆಚ್ಚಬೇಡಿ. ಅದರ ಪೊರೆ ತುಕ್ಕನ್ನು ತಡೆಯುವ ಹಾಗೆ ತಾಮ್ರವನ್ನೂ ಹತ್ತಿರ ಬಿಡಲಿಕ್ಕಿಲ್ಲ, ದ್ರಾವಣ ಸರಿಯಿದೆ ಎಂದು ನೀವು ಮೋಸ ಹೋಗುತ್ತೀರಿ. ಜೇಬಿನ ಚಾಕು ಸ್ಟೇನ್‌ಲೆಸ್ ಆಗಿದ್ದರೆ ಒಂದು ಕಬ್ಬಿಣದ ಮೊಳೆ ಅದ್ದಿದರೂ ಸಾಕು.

ಹಾಗಾದರೆ ದಿನವೂ ಜೇಬಿನಲ್ಲಿ ಚಾಕು ಬೇಕಾಗುವುದಾದರೂ ಯಾತಕ್ಕೆ? ಒಂದು ವಾರ ನಾನು ಲೆಕ್ಕ ಇಟ್ಟೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಹನಿ ನೀರಾವರಿಯ ಪೈಪು ಕೊಯ್ಯಲು, ಮೆಣಸಿನ ಬಳ್ಳಿ ಕಟ್ಟಿದ ಪ್ಲಾಸ್ಟಿಕ್ ದಾರ ಕತ್ತರಿಸಲು, ಪಂಪಿನ ವೈರಿನ ಸಿಪ್ಪೆ ತೆಗೆಯಲು, ಬಸ್ಸಿನಲ್ಲಿ ಬಂದ ಪಾರ್ಸೆಲ್ ಬಿಚ್ಚಲು, ಮತ್ತೆ ಮತ್ತೆ ಪೇರಲೆಹಣ್ಣಿಗೆ. ಇದರಲ್ಲಿ ಯಾವುದಕ್ಕೂ ಮೂರು ಇಂಚಿಗಿಂತ ಉದ್ದದ ಅಲಗು ಬೇಡ. ಎರಡೂವರೆಯಿಂದ ಮೂರು ಇಂಚು ಉದ್ದ, ಬೆನ್ನಿನ ದಪ್ಪ ಎರಡು ಎರಡೂವರೆ ಮಿಲಿಮೀಟರ್. ನಾಲ್ಕು ಮಿಲಿಮೀಟರ್ ದಪ್ಪದ ಅಲಗು ಗಟ್ಟಿಯಾಗಿ ಕಾಣುತ್ತದೆ. ಆದರೆ ಪೇರಲೆಹಣ್ಣನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ದೊಡ್ಡ ಕೆಲಸಕ್ಕೆ ಕೊಕ್ಕೆಯಲ್ಲಿ ಕತ್ತಿ ಇದ್ದೇ ಇದೆ. ಹಲಸಿನ ಹಣ್ಣಿಗೆ ಮಾತ್ರ ಮಡಚುವ ಚಾಕುವನ್ನು ದಯವಿಟ್ಟು ಹಾಕಬೇಡಿ. ಕೀಲಿಗೆ ಹೋದ ಮೇಣ ಮುಂದಿನ ಹಲಸಿನ ಕಾಲದವರೆಗೂ ಅಲ್ಲೇ ಇರುತ್ತದೆ.

ಹಾವು ಕಚ್ಚಿದ ಜಾಗ ಕೊಯ್ಯಲು ಚಾಕು ಬೇಕು ಎನ್ನುವವರು ಈಗಲೂ ಸಿಗುತ್ತಾರೆ. ಕೊಯ್ಯಬಾರದು, ಚೀಪಲೂಬಾರದು. ಕಚ್ಚಿಸಿಕೊಂಡವರನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಸೇರಿಸಬೇಕು, ಚಾಕು ಜೇಬಿನಲ್ಲೇ ಇರಲಿ.

ನಮ್ಮಲ್ಲಿ ಮಡಚುವ ಚಾಕು ನಿಜವಾಗಿ ಅನ್ನ ಹುಟ್ಟಿಸುವ ಕಸುಬು ಒಂದಿದೆ: ಕಸಿ ಕಟ್ಟುವುದು. ಸಾಗರ, ಹೊಸನಗರ ಸೀಮೆಯ ಹೊಳೆಸಾಲಿನ ಅಪ್ಪೆಮಿಡಿ ಮಾವನ್ನು ಬೀಜದಿಂದ ಬೆಳೆದರೆ ತಾಯಿಮರದ ಗುಣ ಬರುತ್ತದೆ ಎಂಬ ನೆಚ್ಚಿಕೆಯಿಲ್ಲ. ಆ ವಾಸನೆ, ಆ ಸೊನೆ ಉಳಿಯಬೇಕಾದರೆ ಕಸಿಯೇ ಗತಿ. ಮೆಣಸಿನ ಸೊರಗು ರೋಗಕ್ಕೆ ಅಂಜಿ ಕಾಡುಹಿಪ್ಪಲಿಯ ಬೇರಿಗೆ ಮೆಣಸಿನ ಕುಡಿ ಕೂಡಿಸುವವರೂ ಇದ್ದಾರೆ. ಕುಡಿಯ ಬುಡವನ್ನು ಎರಡೂ ಬದಿಯಿಂದ ಬೆಣೆಯ ಹಾಗೆ ಕೊಯ್ಯಬೇಕು, ಒಂದೇ ಎಳೆತದಲ್ಲಿ. ಅಲಗು ಮೊಂಡಾಗಿದ್ದರೆ ಕೊಯ್ದ ಮೈ ಜಜ್ಜಿಹೋಗುತ್ತದೆ, ಜಜ್ಜಿದ್ದು ಕೂಡಿಕೊಳ್ಳುವುದಿಲ್ಲ. ಅದಕ್ಕೇ ಕಸಿ ಚಾಕುವಿನ ಅಲಗು ತೆಳ್ಳಗೆ, ನೇರವಾಗಿ, ಹೆಚ್ಚಾಗಿ ಒಂದೇ ಬದಿಗೆ ಮಸೆದದ್ದು. ಕೆಲವಕ್ಕೆ ಇನ್ನೊಂದು ತುದಿಯಲ್ಲಿ ತೊಗಟೆ ಬಿಡಿಸುವ ಚಪ್ಪಟೆ ನಾಲಿಗೆಯೂ ಇರುತ್ತದೆ. ಕೃಷಿ ಸಾಮಾನಿನ ಅಂಗಡಿಯಲ್ಲಿ 'ಕಸಿ ಚಾಕು ಕೊಡಿ' ಎಂದರೆ ಮರದ ಹಿಡಿಯದೋ ಪ್ಲಾಸ್ಟಿಕ್ ಹಿಡಿಯದೋ ಒಂದನ್ನು ಮೂಲೆಯ ಡಬ್ಬದಿಂದ ತೆಗೆದುಕೊಡುತ್ತಾರೆ. ಹೊಳಪಿಲ್ಲ, ತಲೆಬುರುಡೆಯಿಲ್ಲ. ಕಡಿಮೆ ಬೆಲೆಗೆ ಒಳ್ಳೆಯ ಬಾಯಿ ಬೇಕು ಎನ್ನುವವರು ಮೊದಲು ನೋಡಬೇಕಾದದ್ದು ಆ ಡಬ್ಬವನ್ನು.

ಕಸಿ ಚಾಕುವಿಗೆ ಇರುವ ಕೊರತೆ ಲಾಕ್. ಹೆಚ್ಚಿನವಕ್ಕೆ ಲಾಕ್ ಇಲ್ಲ. ಬೆನ್ನಿನ ಸ್ಪ್ರಿಂಗು ಅಲಗನ್ನು ಒತ್ತಿ ನಿಲ್ಲಿಸಿರುತ್ತದೆ ಅಷ್ಟೆ. ಎಳೆದು ಕೊಯ್ಯುವ ಕೆಲಸಕ್ಕೆ ಇಷ್ಟೇ ಸಾಕು, ಏಕೆಂದರೆ ಎಳೆಯುವಾಗ ಒತ್ತಡ ಅಲಗು ತೆರೆಯುವ ದಿಕ್ಕಿಗೇ ಇರುತ್ತದೆ. ಚುಚ್ಚಲು ಹೋದರೆ ಕೆಟ್ಟಿತು. ನನ್ನ ಬಲಗೈ ತೋರುಬೆರಳಿನಲ್ಲಿ ಒಂದು ಗೀರಿದೆ. ಕಪ್ಪು ಪೈಪಿಗೆ ತೂತು ಮಾಡಲು ಚಾಕುವಿನ ಮೊನೆ ಒತ್ತಿದೆ. ಪೈಪಿಗೆ ತೂತಾಗಲಿಲ್ಲ, ಚಾಕು ಮಡಚಿಕೊಂಡಿತು, ನಡುವೆ ಬೆರಳಿತ್ತು. ತಪ್ಪು ಚಾಕುವಿನದಲ್ಲ. ಇಂಥ ಬುದ್ಧಿ ನಿಮಗೂ ಇದ್ದರೆ ಲಾಕ್ ಇರುವುದನ್ನೇ ಕೊಳ್ಳಿ. ಅಗ್ಗದಲ್ಲಿ ಸಾಮಾನ್ಯವಾಗಿ ಬರುವುದು ಲೈನರ್ ಲಾಕ್: ಹಿಡಿಯೊಳಗಿನ ತೆಳ್ಳನೆಯ ತಗಡು ಬಂದು ಅಲಗಿನ ಹಿಮ್ಮಡಿಗೆ ಆನಿಕೊಳ್ಳುತ್ತದೆ. ತಗಡು ಪೂರ್ತಿ ಬಂದು ಕೂತಿದೆಯೇ, ತುದಿ ಮಾತ್ರ ತಾಗಿದೆಯೇ ನೋಡಿ. ಬೆರಳುಗಳನ್ನು ಅಲಗಿನ ದಾರಿಯಿಂದ ಆಚೆಗಿಟ್ಟು, ತೆರೆದ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿ. ಜಾರಿದರೆ ಆ ಲಾಕ್ ಇದ್ದೂ ಇಲ್ಲದ ಹಾಗೆ. ಲಾಕ್ ಇಲ್ಲದ ಚಾಕುವಿಗಿಂತ ಜಾರುವ ಲಾಕಿನ ಚಾಕು ಅಪಾಯ. ಮೊದಲನೆಯದರಲ್ಲಿ ನಮಗೆ ಎಚ್ಚರವಾದರೂ ಇರುತ್ತದೆ.

ಪರದೇಶದ ಎರಡು ಹೆಸರು ಹೇಳಲೇಬೇಕು, ಕೇಳುವವರಿದ್ದಾರೆ. ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ 1884ರಲ್ಲಿ ಶುರುವಾದದ್ದು. 1891ರಿಂದ ಅಲ್ಲಿನ ಸೈನ್ಯಕ್ಕೆ ಚಾಕು ಕೊಡುತ್ತ ಬಂದಿದೆ. ಅದರ ಸಣ್ಣ ಚಾಕುಗಳಿಗೆ ಲಾಕ್ ಇರುವುದಿಲ್ಲ, ಉಕ್ಕು ತೀರಾ ಗಡುಸೂ ಅಲ್ಲ. ಕೀಲು ಮಾತ್ರ ಅಜ್ಜ ಮೆಚ್ಚುವಂಥದ್ದು. ಅದರ ನಕಲಿಗಳು ಜಾತ್ರೆಯಲ್ಲಿ ರಾಶಿ ರಾಶಿ. ಕೆಂಪು ಬಣ್ಣ, ಬಿಳಿ ಕೂಡಿಸುವ ಗುರುತು ಎಲ್ಲ ಇರುತ್ತದೆ, ಕೀಲು ಇರುವುದಿಲ್ಲ. ಇನ್ನೊಂದು ಫ್ರಾನ್ಸಿನ ಸವಾಯ್ ಎಂಬ ಗುಡ್ಡಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು. ಮರದ ಹಿಡಿ, ಒಂದು ಅಲಗು, ಒಂದು ಮೊಳೆ. 1955ರಿಂದ ಕುತ್ತಿಗೆಗೊಂದು ತಿರುಗುವ ಉಂಗುರ, ಅದೇ ಲಾಕ್. ಇಷ್ಟು ಸರಳವಾದ ಒಳ್ಳೆಯ ಚಾಕು ನಾನು ಬೇರೆ ಕಂಡಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಮನೆ ಹೆಬ್ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ ಅದರ ಮರದ ಹಿಡಿಯೂ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಹಿಡಿಯ ಬುಡವನ್ನು ಮೇಜಿಗೆ ಕುಟ್ಟಿದರೆ ಅಲಗು ತುಸು ಹೊರಗೆ ಬರುತ್ತದೆ. ಸವಾಯಿಯವರು ಹಾಗೇ ಮಾಡುತ್ತಾರೆ. ಕೊಡಚಾದ್ರಿಯ ಬುಡದಲ್ಲಿ ಇರುವವರು ಮಳೆಗಾಲ ಪೂರ್ತಿ ಕುಟ್ಟುತ್ತಲೇ ಇರಬೇಕಾದೀತು. ನಮಗೆ ಮರದ ಹಿಡಿಗಿಂತ ಒರಟು ಮೈಯ ಪ್ಲಾಸ್ಟಿಕ್ ಹಿಡಿಯೇ ಲೇಸು ಎಂದು ಬರೆಯಲು ನನಗೇ ಬೇಸರ, ಆದರೆ ಹಾಗೇ ಸರಿ. ಹಿಡಿಯ ಬಣ್ಣ ಕೆಂಪೋ ಕಿತ್ತಳೆಯೋ ಇರಲಿ. ಹಸಿರು, ಕಪ್ಪು ಆದರೆ ತೋಟದ ಕಸದಲ್ಲಿ ಬಿದ್ದದ್ದು ಮರುವರ್ಷ ಅಗೆಯುವಾಗ ಸಿಗುತ್ತದೆ.

ಮಸೆಯಲು ಬಾರದವನಿಗೆ ಎಂಥ ಉಕ್ಕೂ ಒಂದೇ. ಮನೆಯಲ್ಲಿ ಕತ್ತಿಗೆ ಬಳಸುವ, ಬೆಣಚುಕಲ್ಲಿನ ಪುಡಿ ಉದುರಿಸಿದ ಮರದ ಹಲಗೆ ಸಣ್ಣ ಚಾಕುವಿಗೆ ಒರಟಾಯಿತು. ಒಂದು ಬದಿ ಒರಟು, ಒಂದು ಬದಿ ನಯ ಇರುವ ಸಾಣೆಕಲ್ಲು ತನ್ನಿ. ಬೆರಳಗಲದ ಅಲಗಿಗೆ ಬೆನ್ನಿನ ಕೆಳಗೆ ಒಂದು ರೂಪಾಯಿಯ ಮೂರು ನಾಣ್ಯ ಇಟ್ಟಷ್ಟು ಎತ್ತರ ಸಿಕ್ಕರೆ ಕೋನ ಹೆಚ್ಚುಕಡಿಮೆ 15 ಡಿಗ್ರಿ ಆಗುತ್ತದೆ. ಆ ಎತ್ತರ ಕೈಗೆ ಗೊತ್ತಾದ ಮೇಲೆ ನಾಣ್ಯ ತೆಗೆದುಬಿಡಿ. ಎರಡೂ ಬದಿಗೆ ಸಮನಾಗಿ ಎಳೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಹತ್ತು ಸಲ. ಕಸಿ ಚಾಕುವಿನ ಒಂದು ಬದಿ ಮಟ್ಟಸವಾಗಿದ್ದರೆ ಆ ಬದಿಯನ್ನು ಎತ್ತದೆ ಕಲ್ಲಿಗೆ ಪೂರ್ತಿ ಮಲಗಿಸಿಯೇ ಉಜ್ಜಬೇಕು.

ಪೊಲೀಸರು ಹಿಡಿದರೆ ಎಂಬ ಪ್ರಶ್ನೆಯನ್ನೂ ಹುಡುಗ ಕೇಳಿದ. 1959ರ ಶಸ್ತ್ರಾಸ್ತ್ರ ಕಾಯ್ದೆ ಬರೀ ಮನೆಬಳಕೆಗೆ, ಕೃಷಿಗೆ ಎಂದೇ ಮಾಡಿದ ವಸ್ತುಗಳನ್ನು ಶಸ್ತ್ರದ ಲೆಕ್ಕದಿಂದ ಹೊರಗಿಟ್ಟಿದೆ. 2016ರ ನಿಯಮಗಳ ಪಟ್ಟಿಯಲ್ಲಿ ಹರಿತವಾದ ಆಯುಧ ಎಂದು ಹೆಸರಿಸಿರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವಂಥವನ್ನು. ಅಲ್ಲಿಯೂ ಮನೆ, ಕೃಷಿ, ಕೈಗಾರಿಕೆಯ ಅಲಗುಗಳಿಗೆ ವಿನಾಯಿತಿ. ಮೂರು ಇಂಚಿನ ಚಾಕು ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಗುಂಡಿ ಒತ್ತಿದರೆ ಹಾರಿ ತೆರೆಯುವ ಬಟನ್ ಚಾಕು ಬೇಡ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು 7.62 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಅಲಗಿರುವ ಇಂಥ ಚಾಕುವಿನ ಮೇಲೇ ನಿರ್ಬಂಧ ಹೇರಿತು. ಉತ್ತರ ಪ್ರದೇಶದ ರಾಂಪುರದ ಚಾಕು ಹಿಂದಿ ಸಿನಿಮಾಗಳಲ್ಲಿ ಮೆರೆದು ಹೆಸರು ಕೆಡಿಸಿಕೊಂಡದ್ದೂ ಗೊತ್ತೇ ಇದೆ. ಕಾನೂನಿಗಿಂತ ಮೊದಲು ಎದುರಿಗಿದ್ದವರ ಕಣ್ಣಿಗೆ ಅದು ಆಯುಧ. ಉಗುರು ಸಿಕ್ಕಿಸಿ ನಿಧಾನಕ್ಕೆ ತೆರೆಯುವ ಚಾಕುವಿನಲ್ಲಿ ಬಸ್ಸಿನಲ್ಲಿ ಕೂತು ಹಣ್ಣು ಕೊಯ್ದರೆ ಪಕ್ಕದವರು ಒಂದು ಹೋಳು ಕೇಳುತ್ತಾರೆ. ಟಕ್ಕೆಂದು ಹಾರಿಸಿದರೆ ಸೀಟು ಬದಲಿಸುತ್ತಾರೆ.

ಶಾಲೆ, ಕೋರ್ಟು, ಮತಗಟ್ಟೆ ಇಂಥ ಕಡೆ ಮನೆಯಲ್ಲೇ ಬಿಟ್ಟು ಹೋಗಿ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಮ್ಮವರಿಗೆ ಹೊಸದೊಂದು ಫಜೀತಿ: ತೋಟದಿಂದ ಹಾಗೇ ಹೊರಟು ತಪಾಸಣೆಯ ಸಾಲಿನಲ್ಲಿ ಜೇಬು ಮುಟ್ಟಿಕೊಳ್ಳುವುದು. ಚಾಕುವನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೆ ಹಾಕುವ ಪೆಟ್ಟಿಗೆಯೊಳಗೆ ಇಡಬೇಕು. ನನ್ನದೊಂದು ಒಳ್ಳೆಯ ಚಾಕು ದೂರದ ಊರೊಂದರ ನಿಲ್ದಾಣದ ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಉಗುರುಕತ್ತರಿಗಳ ನಡುವೆ ಉಳಿಯಿತು. ಮರೆತದ್ದು ನಾನೇ, ಯಾರನ್ನು ದೂರಲಿ?

ಆ ದಿನ ಜಾತ್ರೆಯಲ್ಲಿ ಹುಡುಗ ಏನೂ ಕೊಳ್ಳಲಿಲ್ಲ. ಮರುವಾರ ಸಾಗರದಲ್ಲಿ ಎರಡು ಅಂಗಡಿ ತಿರುಗಿ, ಮುಕ್ಕಾಲು ಗಂಟೆ ಅಂಗಡಿಯವರ ತಾಳ್ಮೆ ಪರೀಕ್ಷೆ ಮಾಡಿ, ಕಿತ್ತಳೆ ಹಿಡಿಯ, ತಿರುಪಿನ ಕೀಲಿನ, ಎರಡೂಮುಕ್ಕಾಲು ಇಂಚಿನ ಚಾಕು ತಂದ. ಐನೂರಕ್ಕೆ ಇನ್ನೂ ನೂರು ಸೇರಿಸಬೇಕಾಯಿತು. ಜಗಲಿಯಲ್ಲಿ ಅಮ್ಮ ಅಪ್ಪೆಮಿಡಿಯ ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಕಸಿಗೆ ಕೂತಿದ್ದಳು. "ಅಮ್ಮಮ್ಮ, ನೋಡು" ಎಂದು ಹುಡುಗ ಚಾಕು ಚಾಚಿದ. ಅವಳು ಕೈ ನೀಡಲಿಲ್ಲ. ಅಲಗನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂಬುದು ನಮ್ಮ ಮನೆಯ ಶಾಸ್ತ್ರ. ಅವನು ಕೆಳಗಿಟ್ಟ ಮೇಲೆ ಎತ್ತಿಕೊಂಡಳು. ಅರ್ಧ ತೆರೆದಳು, ಅಡ್ಡಡ್ಡ ಅಲ್ಲಾಡಿಸಿದಳು, ಕಿವಿಯ ಹತ್ತಿರ ಹಿಡಿದು ಎರಡು ಸಲ ತೆರೆದು ಮುಚ್ಚಿದಳು. ಅವಳು ಅಜ್ಜನ ಸೊಸೆ; ಮಾರಿಕಾಂಬಾ ಜಾತ್ರೆಯಿಂದ ಬಂದ ಆ ಅಡಕತ್ತರಿಯಲ್ಲಿ ವರ್ಷಗಟ್ಟಲೆ ಅಜ್ಜನಿಗೆ ಅಡಿಕೆ ಕತ್ತರಿಸಿಕೊಟ್ಟವಳು.

"ಕೀಲು ಚೊಲೋ ಇದ್ದು," ಎಂದಳು. ಒಂದು ಕುಡಿ ಕೊಯ್ದು ನೋಡಿ, ಕೊಯ್ದ ಮೈಯನ್ನು ಬೆಳಕಿಗೆ ಹಿಡಿದು, ಮತ್ತೊಂದು ಕೊಯ್ದಳು. ಹುಡುಗ ಪಕ್ಕದಲ್ಲೇ ಕಾದು ಕೂತ. ಹನ್ನೆರಡು ಗಿಡ ಆಗುವವರೆಗೂ ಅವಳು ಅದನ್ನು ಕೆಳಗಿಡಲಿಲ್ಲ.